ಅಡಿಗೊಂದು ಇಂಚು ವಾಟ

ಎರಡು ವರ್ಷದ ಹಿಂದಿನ ಮಾರ್ಗಶಿರ. ಚನ್ನಪಟ್ಟಣದ ಅಂಚಿನಲ್ಲಿರುವ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಯಾವ ಕಚೇರಿಯಲ್ಲಿ ಉದ್ಯೋಗ ಏನೆಂದು ಕೇಳಿದರೂ ಗೃಹಿಣಿ ಎಂದು ಬರೆಸುವವಳು ನಾನು. ಈ ಕೆಲಸಕ್ಕೆ ರಜೆಯಿಲ್ಲ, ಬಡ್ತಿಯಿಲ್ಲ. ದೇವರು ಕೈಕಾಲು ಗಟ್ಟಿ ಇಟ್ಟಿದ್ದಾನೆ, ಅಷ್ಟು ಸಾಕು ಅಂದುಕೊಂಡವಳು. ಆದರೆ ಈ ಕೆಲಸದಲ್ಲೂ ಒಂದು ವಾರ ನನ್ನನ್ನು ಒಂದು ಕಡೆ ಕೂರಲು ಬಿಡಲಿಲ್ಲ. ಆ ವಾರದ ಕಥೆ ಇದು.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ರಾಮನಗರದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಯಜಮಾನರು ಅಲ್ಲಿಂದಲೇ ಫೋನ್ ಮಾಡಿದ್ದರು.

“ಸೋಮವಾರ ಬುಡ್ತಾರಂತೆ ಕಣೆ. ಮೂರು ತಿಂಗಳು ಕಾಲು ಊರಂಗಿಲ್ಲ, ವೀಲ್‌ಚೇರೇ ಗತಿ. ಅವ್ವ ನೋಡಿದ್ರೆ ಮನೆಗೆ ಬರಕಿಲ್ಲ ಅಂತ ಹಠ ಹಿಡಿದವ್ಳೆ.”

“ಯಾಕಂತೆ?”

ಫೋನು ಅತ್ತೆಯ ಕೈಗೆ ಹೋಯಿತು. “ರತ್ನಿ, ನಮ್ಮ ಜಗಲಿ ಎತ್ತರ ನಿಂಗೆ ಗೊತ್ತಲ್ಲ. ನನ್ನ ಎತ್ಕಂಡೇ ಹತ್ತಿಸ್ಬೇಕು. ನಾಕ್ ಜನ ಎತ್ತದು ಒಂದೇ ದಪ ಕಣಮ್ಮಿ, ಅದೂ ಆ ಬಾಗ್ಲಿಂದ ಆಚೆಗೆ. ಒಳೀಕೆ ಹೊತ್ಕಂಡು ಬರದು ಬ್ಯಾಡ. ನಾನು ಕನಕಪುರಕ್ಕೆ ಹೋಯ್ತೀನಿ.”

ಕನಕಪುರದಲ್ಲಿ ನನ್ನ ನಾದಿನಿಯ ಮನೆ. ಬೀದಿಗೂ ಮನೆಯ ನೆಲಕ್ಕೂ ಒಂದೇ ಮಟ್ಟ, ವೀಲ್‌ಚೇರು ನೇರ ಒಳಗೆ ಹೋಗುತ್ತದೆ, ನಿಜ. ಆದರೆ ನಾದಿನಿ, ಅವಳ ಗಂಡ ಇಬ್ಬರೂ ಬೆಳಗ್ಗೆ ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಅತ್ತೆಗೆ ಒಂದು ಲೋಟ ನೀರು ಕೊಡಲೂ ಜನವಿಲ್ಲ. ಬಾಯಾರಿತೆಂದು ತಾವೇ ಏಳಲು ಹೋಗಿ ಮತ್ತೆ ಬಿದ್ದರೆ? ಅದನ್ನು ನೆನೆದು ಸುಲಿದ ಕಾಳನ್ನು ಸಿಪ್ಪೆಯ ರಾಶಿಗೆ, ಸಿಪ್ಪೆಯನ್ನು ಕಾಳಿನ ಪಾತ್ರೆಗೆ ಹಾಕುತ್ತಿದ್ದೆ.

ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಒಂದು ದಾರಿ ಹೇಳಿದ್ದರು. ಜಗಲಿಗೆ ರ್‍ಯಾಂಪ್ ಕಟ್ಟಿಸಿ, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಲಿ, ಅದಕ್ಕಿಂತ ಕಡಿದಾದರೆ ತಳ್ಳುವವರ ಕೈ ಜಾರುತ್ತದೆ, ಕೂತವರು ಹಿಂದಕ್ಕೆ ಮಗುಚುತ್ತಾರೆ ಎಂದು.

ಮಂಗಳವಾರ ಸಂಜೆಯೇ ಗಾರೆ ಕೆಲಸದ ಸಿದ್ದಣ್ಣನನ್ನು ಕರೆಸಿದೆ. ನಮ್ಮ ಅಂಗಳಕ್ಕೆ ಸಿಮೆಂಟು ಹಾಕಿದವನೂ ಅವನೇ. ಮೇಡಂ ಹೇಳಿದ್ದನ್ನು ಹೇಳಿದಾಗ ತಲೆ ಕೆರೆದುಕೊಂಡ.

“ಒಂದಕ್ಕೆ ಹನ್ನೆರಡು ಅಂದ್ರೆ ನಂಗೆ ತಿಳಿಯಕಿಲ್ಲ ಅಕ್ಕಾ. ವಾಟ ಎಷ್ಟು ಅದನ್ನ ಹೇಳಿ.”

ನೀರು ತಾನಾಗಿ ಹರಿದುಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರಿಗೆ ನಮ್ಮ ಕಡೆ ವಾಟ ಎನ್ನುತ್ತಾರೆ. ಹತ್ತನೇ ತರಗತಿಯಲ್ಲಿದ್ದ ನನ್ನ ಮಗಳು ಸಹನಾ ಕಂಬಕ್ಕೆ ಒರಗಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಗಣಿತವೆಂದರೆ ಅವಳಿಗೆ ಹೊಟ್ಟೆನೋವು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ರೇಖಾತ್ಮಕ ಸಮೀಕರಣಗಳ ಪ್ರಶ್ನೆಗಳನ್ನೆಲ್ಲ ಖಾಲಿ ಬಿಟ್ಟು ಬಂದಿದ್ದಳು.

“ಒಂದು ಅಡಿಗೆ ಹನ್ನೆರಡು ಇಂಚಲ್ವಾ ಸಿದ್ದಣ್ಣ? ಹನ್ನೆರಡು ಇಂಚು ಮುಂದಕ್ಕೆ ಹೋದ್ರೆ ಒಂದು ಇಂಚು ಇಳೀಬೇಕು,” ಅಂದಳು.

“ಅಂಗನ್ನು ಮತ್ತೆ. ಅಡಿಗೊಂದು ಇಂಚು ವಾಟ.”

“ಇದನ್ನೇ ನಮ್ಮ ಮಿಸ್ಸು ಸ್ಲೋಪು ಅಂತಿದ್ರು,” ಎಂದು ಸಹನಾ ತನ್ನಷ್ಟಕ್ಕೆ ಗೊಣಗಿದಳು.

ಜಗಲಿಯ ಎತ್ತರ ಅಳೆದರೆ ಹದಿನೆಂಟು ಇಂಚು. ಹಾಗಾದರೆ ಹದಿನೆಂಟು ಅಡಿ ಉದ್ದ ಸಾಕು. ಜಗಲಿಯಿಂದ ಗೇಟಿಗೆ ಇಪ್ಪತ್ತಾರು ಅಡಿ ಜಾಗವಿತ್ತು. ಅಷ್ಟು ದೊಡ್ಡ ಅಂಗಳ ಬಿಟ್ಟು ಮನೆ ಕಟ್ಟಿದ ಮಾವನವರನ್ನು ಮನಸ್ಸಿನಲ್ಲೇ ನೆನೆದು ಕೈಮುಗಿದೆ.

ಬುಧವಾರ ಬೆಳಗ್ಗೆ ಸಿದ್ದಣ್ಣ ಜಗಲಿಯ ಅಂಚಿಗೆ ಮೊಳೆ ಹೊಡೆದು ನೂಲು ಕಟ್ಟಿದ. ನೀರು ತುಂಬಿದ ಟ್ಯೂಬಿನಿಂದ ಮಟ್ಟ ನೋಡಿಕೊಂಡು, ಅಡಿಗೊಂದು ಇಂಚು ಇಳಿಸುತ್ತಾ ಹದಿನೆಂಟನೇ ಅಡಿಗೆ ಬಂದ. ನೂಲು ನೆಲ ಮುಟ್ಟಲಿಲ್ಲ. ಅರ್ಧ ಗೇಣು ಮೇಲೆಯೇ ನಿಂತಿತ್ತು.

“ಇನ್ನೊಸಿ ಹಿಂದಕ್ಕೆ ಹೋಗು,” ಅಂದೆ.

ನಾಲ್ಕು ಅಡಿ ಹಿಂದಕ್ಕೆ ಹೋದ. ಆಗಲೂ ಎರಡು ಬೆರಳಿನಷ್ಟು ಸಂದು. ನಾವು ಮುಂದೆ ಹೋದಷ್ಟೂ ನೆಲ ಕೆಳಗೆ ಹೋಗುತ್ತಿತ್ತು. ಹೀಗೇ ಹೋದರೆ ಇದು ಗೇಟು ದಾಟಿ ರಸ್ತೆಗೇ ಹೋಗುತ್ತದೇನೋ, ಆಮೇಲೆ ಅತ್ತೆಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಒಳಗೆ ಹೋಗುವುದು, ಹೊರಗೆ ಬರುವುದು ಮಾಡಿದೆ. ಒಲೆಯ ಮೇಲಿನ ಹಾಲು ಉಕ್ಕಿದ್ದು ವಾಸನೆ ಬಂದ ಮೇಲೇ ಗೊತ್ತಾಯಿತು.

“ಅಂಗಳಕ್ಕೆ ನೀನೇ ವಾಟ ಕೊಟ್ಟಿದ್ದೀಯಲ್ಲ ಸಿದ್ದಣ್ಣ,” ಎಂದಳು ಸಹನಾ. “ಮಳೆ ನೀರು ರೋಡಿಗೆ ಹೋಗ್ಲಿ ಅಂತ. ಎಷ್ಟು ಕೊಟ್ಟಿದ್ದೆ?”

ಸಿದ್ದಣ್ಣ ನೂಲು ಹಿಡಿದೇ ನಕ್ಕ. “ನಾಕ್ ಅಡಿಗೊಂದು ಇಂಚು. ನಾನೇ ತೋಡಿದ ಗುಂಡೀಲಿ ನಾನೇ ನಿಂತಂಗಾಯ್ತು ನೋಡವ್ವ.”

ಸಹನಾ ಸೀಮೆಸುಣ್ಣ ತಂದು ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಜಗಲಿಯಿಂದ x ಅಡಿ ದೂರ ಹೋದರೆ ರ್‍ಯಾಂಪ್ x ಇಂಚು ಇಳಿದಿರುತ್ತದೆ. ಅದೇ ಜಾಗದಲ್ಲಿ ನೆಲವೂ ಸುಮ್ಮನಿಲ್ಲ. ಮೊದಲೇ ಹದಿನೆಂಟು ಇಂಚು ಕೆಳಗಿತ್ತು, ಈಗ x ನ ಕಾಲು ಭಾಗದಷ್ಟು ಇನ್ನೂ ಕೆಳಗೆ ಹೋಗಿದೆ. ಒಂದು ಗೆರೆ ರ್‍ಯಾಂಪಿನದು, ಇನ್ನೊಂದು ನೆಲದ್ದು. ಎರಡೂ ಎಲ್ಲಿ ಕೂಡುತ್ತವೋ ಅಲ್ಲಿ ರ್‍ಯಾಂಪ್ ಮುಗಿಯುತ್ತದೆ. ಅವಳು ಬರೆದದ್ದು ಇಷ್ಟೇ:

x = 18 + x/4

“ಕೂಡೇ ಕೂಡ್ತವಾ ಮಗ? ಇಲ್ಲ ಹಿಂಗೇ ಓಡ್ತಾ ಇರ್ತವಾ?” ಎಂದು ಕೇಳಿದೆ. ನನಗೆ ಬೇಕಿದ್ದದ್ದು ಅದೊಂದೇ.

“ಕೂಡ್ತವೆ ಅಮ್ಮ. ಎರಡಕ್ಕೂ ಒಂದೇ ಸ್ಲೋಪ್ ಇದ್ದಿದ್ರೆ ಯಾವತ್ತೂ ಕೂಡ್ತಿರ್ಲಿಲ್ಲ. ರ್‍ಯಾಂಪು ಜಾಸ್ತಿ ಇಳೀತದೆ, ನೆಲ ಕಮ್ಮಿ ಇಳೀತದೆ. ಅಡಿಗೆ ಮುಕ್ಕಾಲು ಇಂಚು ರ್‍ಯಾಂಪು ನೆಲದ ಹತ್ರ ಹೋಗ್ತದೆ. ಹದಿನೆಂಟು ಇಂಚು ಹಿಡೀಬೇಕು.”

ಮುಕ್ಕಾಲರಂತೆ ಹದಿನೆಂಟು ತುಂಬಲು ಇಪ್ಪತ್ನಾಲ್ಕು ಬೇಕು. ಅದನ್ನು ನಾನು ಬೆರಳು ಮಡಿಸಿಯೇ ಹೇಳಿದೆ. ಸಿದ್ದಣ್ಣ ಇಪ್ಪತ್ನಾಲ್ಕನೇ ಅಡಿಗೆ ಹೋಗಿ ನೂಲು ಇಳಿಸಿದ. ನೂಲು ನೆಲ ಮುಟ್ಟಿತು. ಗೇಟಿಗೆ ಇನ್ನೂ ಎರಡು ಅಡಿ ಉಳಿದಿತ್ತು. ಕೆಂಗಲ್ ಆಂಜನೇಯನಿಗೆ ಅಲ್ಲಿಂದಲೇ ಒಂದು ನಮಸ್ಕಾರ ಹಾಕಿದೆ.

ಸಹನಾ ತಾನು ಬರೆದದ್ದನ್ನು ದಾಟಿಕೊಂಡು ಹೋಗುತ್ತಿದ್ದಳೇ ಹೊರತು ತುಳಿಯಲಿಲ್ಲ. ಕಾಂಕ್ರೀಟು ಬೀಳುವವರೆಗೂ ಅದು ಅಂಗಳದಲ್ಲಿ ಹಾಗೇ ಇತ್ತು.

ಗುರುವಾರ ಸಂಜೆಗೆ ಕೆಲಸ ಮುಗಿಯಿತು. ಶುಕ್ರವಾರದಿಂದ ಭಾನುವಾರದವರೆಗೂ ಅದಕ್ಕೆ ನೀರು ಕಟ್ಟಿದೆ, ಗೋಣಿಚೀಲ ಹಾಸಿದೆ, ಮತ್ತೆ ನೀರು ಚೆಲ್ಲಿದೆ. ಸಾಕು ಬಿಡಿ ಅಕ್ಕಾ ಎಂದು ಸಿದ್ದಣ್ಣ ಅಂದರೂ ಕೇಳಲಿಲ್ಲ. ಕನಕಪುರಕ್ಕೆ ಹೋಗುವ ಮಾತನ್ನು ಅತ್ತೆ ಇನ್ನೂ ಬಿಟ್ಟಿರಲಿಲ್ಲ. “ನೋಡ್ತೀನಿ, ಸರಿ ಬರ್ನಿಲ್ಲ ಅಂದ್ರೆ ಅದೇ ವ್ಯಾನಲ್ಲಿ ಮುಂದಕ್ಕೆ ಹೋಯ್ತೀನಿ,” ಎಂದಿದ್ದರು.

ಸೋಮವಾರ ಮಧ್ಯಾಹ್ನ ವ್ಯಾನು ಬಂತು. ಸಹನಾ ಶಾಲೆಗೆ ರಜೆ ಹಾಕಿ ಕಾದಿದ್ದಳು, ಸಿದ್ದಣ್ಣನೂ ಬಂದಿದ್ದ. ಯಜಮಾನರು ವೀಲ್‌ಚೇರ್ ತಳ್ಳಿದರು. ಅತ್ತೆ ಎರಡೂ ಕೈಯಲ್ಲಿ ಕುರ್ಚಿ ಬಿಗಿಹಿಡಿದಿದ್ದರು. ಅರ್ಧ ದಾರಿಗೆ ಕೈ ಸಡಿಲವಾಯಿತು. ಜಗಲಿ ಹತ್ತಿದಾಗ ಬಾಯಿಯೂ ಸಡಿಲವಾಯಿತು.

“ಏನ್ಲಾ ಸಿದ್ದ, ನಾನೇನು ಮೆರವಣಿಗೆ ಬತ್ತೀನಿ ಅಂತ ಇಷ್ಟುದ್ದ ರೋಡು ಮಾಡಿದ್ದೀಯಾ?”

“ನಿಮ್ಮ ಮೊಮ್ಮಗಳ ಲೆಕ್ಕ ಅಜ್ಜಿ. ನಾನು ಎಂಟಡೀಲಿ ಮುಗಿಸ್ತಿದ್ದೆ. ನೀವು ಹಿಂದ್ಹಿಂದಕ್ಕೇ ರಾಮನಗರ ಸೇರ್ತಿದ್ರಿ.”

ಎಲ್ಲರೂ ನಗುತ್ತಿರುವಾಗಲೇ ಮುಂದಿನ ಚಕ್ರ ಟಕ್ ಎಂದು ನಿಂತಿತು. ಹೊಸಿಲು.

ನಾಲ್ಕು ಇಂಚು ಎತ್ತರದ ಮರದ ಹೊಸಿಲು. ಮದುವೆಯಾಗಿ ಬಂದಾಗಿನಿಂದ ದಿನಾ ಬೆಳಗ್ಗೆ ನಾನೇ ತೊಳೆದು ಅರಿಶಿನ ಕುಂಕುಮ ಇಟ್ಟಿದ್ದೇನೆ. ಲಕ್ಷ್ಮಿ ಅದು, ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ಕಾಲಿಡದ್ದರಿಂದ ಅದೊಂದು ಮೆಟ್ಟಿಲೆಂದು, ಅದಕ್ಕೊಂದು ಎತ್ತರವಿದೆಯೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಟೇಪು ಹಿಡಿದವನೂ ದಾಟಿದ್ದ, ಸೀಮೆಸುಣ್ಣ ಹಿಡಿದವಳೂ ದಾಟಿದ್ದಳು.

“ಅಷ್ಟಕ್ಕೇನು, ಇಬ್ರು ಒಸಿ ಎತ್ತಿಬುಟ್ರೆ ಆಯ್ತು,” ಎಂದು ಸಿದ್ದಣ್ಣ ಮುಂದೆ ಬಂದ.

ಅತ್ತೆ ಕೈ ಅಡ್ಡ ಹಿಡಿದರು. “ಎತ್ತಬ್ಯಾಡಿ ಅಂದಿದ್ನಲ್ಲ.”

“ಹೊಸಿಲು ಕೊಯ್ಸಿಬುಡ್ಲಾ ಅವ್ವ?” ಎಂದರು ಯಜಮಾನರು.

“ನಾನು ಬರ್ಲಿ ಅಂತ ಲಕ್ಷ್ಮೀನ ಕಳಿಸ್ತೀಯೇನ್ಲಾ?”

ವ್ಯಾನಿನ ಡ್ರೈವರು ಗೇಟಿನ ಹತ್ತಿರ ಇನ್ನೂ ನಿಂತಿದ್ದ. ಅತ್ತೆ ಒಮ್ಮೆ ಅವನ ಕಡೆ ನೋಡಿದರು.

ಸಹನಾ ಹೊಸಿಲ ಮುಂದೆ ಕೂತು ಬೆರಳಲ್ಲಿ ಅಳೆಯುತ್ತಿದ್ದಳು. “ಅಜ್ಜಿ, ಮೇಲೆ ಹಲಗೆ ಹಾಕಿದ್ರೆ ತುಳಿದಂಗಾಗ್ತದಾ?”

“ತಾಗಿದ್ರೆ ಆಯ್ತದೆ. ತಾಗದಿದ್ರೆ ಇಲ್ಲ.”

“ಹಂಗಾದ್ರೆ ಹೊಸಿಲು ನಾಲ್ಕು, ಸಂದು ಒಂದು. ಐದು ಇಂಚು. ಐದಡಿಗಿಂತ ಕಮ್ಮಿ ಇರೋ ಹಲಗೆ ಬೇಡ. ಒಳಗೂ ಹೊರಗೂ ಬೇಕು.”

ಮನೆಯಲ್ಲಿ ಅಷ್ಟುದ್ದದ ಹಲಗೆ ಇದ್ದದ್ದು ಅತ್ತೆಯ ಮಂಚದ್ದು ಮಾತ್ರ. ಆರು ಹಲಗೆ, ಒಂದೊಂದೂ ಆರು ಅಡಿ. ಬೆಳಗ್ಗೆ ತಾನೇ ಹಾಸಿದ್ದ ಹಾಸಿಗೆಯನ್ನು ನೆಲಕ್ಕೆ ಎಳೆದು ಹಾಕಿ ಹಲಗೆಗಳನ್ನು ಹೊತ್ತು ತಂದೆ. ಜಗಲಿ ಏಳಡಿ ಅಗಲವಿತ್ತು, ನಮ್ಮ ಪುಣ್ಯ. ಅತ್ತೆಯನ್ನು ಜಗಲಿಯ ಪಕ್ಕಕ್ಕೆ ಸರಿಸಿ, ಸಿದ್ದಣ್ಣ ಹೊಸಿಲಿನ ಎರಡೂ ಬದಿಗೆ ಐದಿಂಚು ಎತ್ತರಕ್ಕೆ ಇಟ್ಟಿಗೆ ಕೂರಿಸಿದ. ಹೊರಗಿನಿಂದ ಮೂರು ಹಲಗೆ, ಒಳಗಿನಿಂದ ಮೂರು. ಅವುಗಳ ತುದಿ ಹೊಸಿಲ ಮೇಲೆ ಕೂಡಿದವು, ಹೊಸಿಲಿಗೂ ಹಲಗೆಗೂ ನಡುವೆ ಸಂದು.

“ಬೆರಳಾಡಿಸಿ ನೋಡಮ್ಮಿ,” ಎಂದರು ಅತ್ತೆ.

ಸಹನಾ ಈ ತುದಿಯಿಂದ ಆ ತುದಿವರೆಗೂ ಬೆರಳಾಡಿಸಿ ತೋರಿಸಿದಳು. ಬೆರಳ ತುದಿಗೆ ಅರಿಶಿನ ಹತ್ತಿತ್ತು.

“ಈಗ ನೂಕ್ಲಾ,” ಎಂದರು ಮಗನಿಗೆ.

ಹಲಗೆ ಕಿರುಗುಟ್ಟಿತು. ಕುರ್ಚಿ ಏರಿತು, ಹೊಸಿಲ ಮೇಲೆ ಗಾಳಿಯಲ್ಲಿ ಹೋದಂತೆ ಹೋಯಿತು, ಆ ಕಡೆ ಇಳಿಯಿತು. ಅತ್ತೆ ದೇವರ ಗೂಡಿನ ಕಡೆ ಕೈಮುಗಿದರು. ನಾನು ಗೇಟಿನ ಹತ್ತಿರ ಹೋಗಿ ಡ್ರೈವರಿಗೆ ಹೊರಡಪ್ಪ ಎಂದೆ.

ಸಹನಾ ಆಮೇಲೆ ಗಣಿತದಲ್ಲಿ ಮೊದಲಿಗಳಾದಳು ಎಂದೇನೂ ಹೇಳಲಾರೆ. ಪಾಸಾದಳು. ಪ್ರಶ್ನೆಪತ್ರಿಕೆಯಲ್ಲಿ ಆ ಪಾಠದ್ದನ್ನು ಖಾಲಿ ಬಿಡಲಿಲ್ಲ, ಅದೇ ದೊಡ್ಡದು. ನನಗೆ ಈ ಕೆಲಸ ಕಲಿಸಿದ್ದು ಬೇರೆ. ಮೇಲಿನಿಂದ ಇಳಿಯುವುದನ್ನು ಮಾತ್ರ ಲೆಕ್ಕ ಹಾಕಿದರೆ ಸಾಲದು, ನಾವು ನಿಂತ ನೆಲಕ್ಕೂ ಅದರದೇ ವಾಟ ಇರುತ್ತದೆ. ಇನ್ನು, ದಿನಾ ಕೈಮುಗಿದು ದಾಟಿಕೊಂಡು ಹೋಗುವುದನ್ನು ಒಂದು ದಿನವಾದರೂ ಕೂತು ಅಳೆಯಬೇಕು. ಕಾಲು ಗಟ್ಟಿಯಿದ್ದವರಿಗೆ ಕಾಣದ ಎತ್ತರ ಕಾಲಿಲ್ಲದವರಿಗೆ ಗೋಡೆ.

ಅವತ್ತು ಇಷ್ಟೆಲ್ಲ ಯೋಚಿಸಲು ಪುರುಸೊತ್ತಿರಲಿಲ್ಲ. ಅತ್ತೆ ತಮ್ಮ ಕೋಣೆಗೆ ಹೋದವರು ಅಲ್ಲಿಂದಲೇ ಕೂಗಿದರು.

“ರತ್ನಿ, ಬಾ ಬಾ ಅಂತ ಕರ್ಸಿಬುಟ್ಟು ಮಲಿಕ್ಕಳದು ಎಲ್ಲಿ ನಾನು? ಬರೀ ಕಾಲೇ ನಿಂತವೆ ಮಂಚದ್ದು.”

ಒದ್ದೆ ಬಟ್ಟೆ ಹಿಡಿದುಕೊಂಡು ಹೋಗಿ ಬಾಗಿಲಿನಿಂದ ಮೊದಲ ಹಲಗೆ ಎತ್ತಿದೆ, ಚಕ್ರದ ಮಣ್ಣು ಒರೆಸಿದೆ, ಮಂಚಕ್ಕೆ ಜೋಡಿಸಲು ಹೊತ್ತುಕೊಂಡು ಒಳಗೆ ನಡೆದೆ.