ಸಾರಿ ಅಂದವಳಿಗೆ ಕೊಟ್ಟ ಪೆನಾಲ್ಟಿ

ಅಂಪೈರ್ ಆಗಿ ನಾನು ಮಾಡಿದ ದೊಡ್ಡ ತಪ್ಪು ಒಂದೇ. ಅದನ್ನು ನೈರೋಬಿಯಲ್ಲಿ, ಎರಡು ದೇಶದವರ ಎದುರಿಗೆ ಮಾಡಿದೆ. ಮಾಡುವಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನ ಪಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಮೈಸೂರಿನಲ್ಲಿ ಯೂನಿವರ್ಸಿಟಿ ತಂಡಕ್ಕೆ ಮೂರು ವರ್ಷ ಹಾಕಿ ಆಡಿ, ಆಮೇಲೆ ಅಂಪೈರಿಂಗ್ ಪರೀಕ್ಷೆ ಪಾಸು ಮಾಡಿ ನಾಲ್ಕು ವರ್ಷ ಸೀಟಿ ಊದಿದವಳು ನಾನು. ಊದುವ ಮುಂಚೆ ಯೋಚಿಸಬೇಕು, ಊದಿದ ಮೇಲೆ ಯೋಚಿಸಬಾರದು ಎಂದು ನಮ್ಮ ಕೋಚ್ ಹೇಳುತ್ತಿದ್ದರು. ಎರಡನೆಯದನ್ನು ನಾನು ಬಹಳ ಚೆನ್ನಾಗಿ ಕಲಿತಿದ್ದೆ.

ಇದು ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು. ನನಗೆ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕುಡಿಯುವ ನೀರಿನ ಯೋಜನೆಗಳ ಕೆಲಸ, ಗಂಡ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಮನೆ ನೈರೋಬಿಯ ಲಂಗಾಟಾದಲ್ಲಿ. ನಮ್ಮ ಆಫೀಸಿನ ತುಂಬ ಅಮೆರಿಕದವರು ಮತ್ತು ಕೆನಡಾದವರು. ಆ ಕೆಲಸದ ಮೊದಲ ಎರಡು ವರ್ಷ ನಾನು ಅವರೆಲ್ಲ ಒಂದೇ ಜಾತಿಯ ಜನ ಅಂದುಕೊಂಡಿದ್ದೆ. ಒಂದು ದಿನ ಪಕ್ಕದ ಮೇಜಿನ ಗೆಳತಿಗೆ “ನಿಮ್ಮ ಅಮೆರಿಕದಲ್ಲಿ ಹೇಗೆ?” ಅಂತ ಕೇಳಿಬಿಟ್ಟೆ. ಅವಳು ಕೆನಡಾದವಳು. ಬಯ್ಯಲಿಲ್ಲ, ನಕ್ಕಳು. ಮರುದಿನದಿಂದ ಅವಳ ಬ್ಯಾಗು, ಅದಕ್ಕೆ ಹೊಲಿದ ಕೆನಡಾದ ಮೇಪಲ್ ಎಲೆಯ ಬಾವುಟ ನನಗೇ ಕಾಣುವ ಹಾಗೆ, ಮೇಜಿನ ಮೇಲೆ ಕೂರತೊಡಗಿತು.

ಆಮೇಲೆ ನನಗೆ ಅರ್ಥವಾಯಿತು. ಬೆಂಗಳೂರಿನಲ್ಲಿ ಏನಾಯಿತು ಅಂತ ಮೈಸೂರಿನವರಿಗೆ ದಿನಾ ಗೊತ್ತು. ಬೆಂಗಳೂರಿನವರಿಗೆ ಮೈಸೂರು ನೆನಪಾಗುವುದು ದಸರಾಕ್ಕೆ ಮಾತ್ರ. ಅಮೆರಿಕ ಕೆನಡಾದ ಸಂಬಂಧವೂ ಅಷ್ಟೇ. ನಮ್ಮ ಡೈರೆಕ್ಟರ್ ಅಮೆರಿಕದವರು, ಆರಡಿ ಎತ್ತರ, ಎರಡು ಕೋಣೆ ಆಚೆ ಕೇಳುವ ಗಂಟಲು. ಕೆನಡಾ ಬಗ್ಗೆ ಕೇಳಿದರೆ “ಒಳ್ಳೆ ಜನ, ಭಾರಿ ಚಳಿ” ಎಂದು ಮುಗಿಸುತ್ತಿದ್ದರು. ನನ್ನ ಗೆಳತಿಗೆ ಅಮೆರಿಕದ ಬಗ್ಗೆ ಕೇಳಿದರೆ ಊಟದ ಬಿಡುವು ಸಾಲುತ್ತಿರಲಿಲ್ಲ. ಮೈಸೂರಿನವಳಾದ ನನ್ನ ಸಹಾನುಭೂತಿ ಯಾರ ಕಡೆ ಎಂದು ಬೇರೆ ಹೇಳಬೇಕಾಗಿಲ್ಲ.

ಜುಲೈ ಒಂದು ಕೆನಡಾದವರ ರಾಷ್ಟ್ರೀಯ ದಿನ, ನಾಲ್ಕು ಅಮೆರಿಕದವರದು. ಪ್ರತಿ ವರ್ಷ ಅದರ ಆಸುಪಾಸಿನ ಶನಿವಾರ ಲೊರೆಶೋ ಬಡಾವಣೆಯ ಒಂದು ದೊಡ್ಡ ಮನೆಯ ಟೆನ್ನಿಸ್ ಅಂಗಳದಲ್ಲಿ ಎರಡು ಕಡೆಯವರೂ ಹಾಕಿ ಆಡುತ್ತಿದ್ದರು. ಅವರ ಹಾಕಿ ಅಂದರೆ ಮಂಜುಗಡ್ಡೆಯ ಹಾಕಿ. ಇಲ್ಲಿ ಮಂಜಿನ ಬದಲು ಸಿಮೆಂಟು, ಕಾಲಿಗೆ ಕ್ಯಾನ್ವಾಸ್ ಶೂ, ಒಂದು ಕಿತ್ತಳೆ ಬಣ್ಣದ ಚೆಂಡು. ಸೋತವರು ಗೆದ್ದವರ ಬಾವುಟದ ಕೆಳಗೆ ಸಾಲಾಗಿ ನಿಂತು ಗೆದ್ದವರ ರಾಷ್ಟ್ರಗೀತೆ ಹಾಡಬೇಕು. ನಾಲ್ಕು ವರ್ಷದಿಂದ ಕೆನಡಾದವರೇ ಹಾಡುತ್ತಿದ್ದರು. ಹುಟ್ಟಿದ ಮಗುವಿಗೆ ಹಾಲಿಗಿಂತ ಮೊದಲು ಹಾಕಿ ಕೋಲು ಕೊಡುವ ದೇಶ ಅದು! ಆದರೆ ನೈರೋಬಿಯಲ್ಲಿ ಅವರು ಬೆರಳೆಣಿಕೆಯಷ್ಟು ಜನ. ಅಮೆರಿಕದವರು ಆಯ್ದು ತಂಡ ಕಟ್ಟಿದರೆ ಇವರು ಪಾಸ್‌ಪೋರ್ಟ್ ಇದ್ದವರನ್ನೆಲ್ಲ ಇಳಿಸಬೇಕು. ಜಲಂಧರ್‌ನಲ್ಲಿ ಹುಟ್ಟಿ, ಮೂವತ್ತಕ್ಕೆ ಕೆನಡಾ ಸೇರಿದ ನಮ್ಮ ಅಕೌಂಟೆಂಟ್ ಅವರ ಡಿಫೆಂಡರ್. ಅವರು ಕೋಲು ಹಿಡಿಯುತ್ತಿದ್ದುದು ಕಸ ಗುಡಿಸುವವರ ಹಾಗೆ.

ಆಟ ಬರುತ್ತಿದ್ದುದು ನನ್ನ ಗೆಳತಿಗೆ. ಚಳಿಗಾಲದಲ್ಲಿ ಅವಳಪ್ಪ ಹಿತ್ತಲಿಗೆ ಪೈಪಿನಲ್ಲಿ ನೀರು ಬಿಟ್ಟು, ಹೆಪ್ಪುಗಟ್ಟಿಸಿ ಅಂಗಳ ಮಾಡಿಕೊಡುತ್ತಿದ್ದರಂತೆ. ಆ ವರ್ಷ ಜುಲೈ ಮಧ್ಯಕ್ಕೆ ಅವಳ ನೈರೋಬಿಯ ಕೆಲಸ ಮುಗಿಯುವುದಿತ್ತು. “ಹೋಗೋ ಮುಂಚೆ ಒಂದೇ ಒಂದು ಸಲ ಆ ಡೈರೆಕ್ಟರ್ ಬಾಯಲ್ಲಿ ನಮ್ಮ ಹಾಡು ಹಾಡಿಸ್ಬೇಕು,” ಅಂದಳು. ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ; ನನಗೆ ನೆನಪಿರುವುದು ಕನ್ನಡದಲ್ಲಿ. ಅವಳು ನಗುತ್ತಲೇ ಹೇಳಿದಳು, ಆದರೆ ಕಣ್ಣು ನಗುತ್ತಿರಲಿಲ್ಲ.

ಅಂಪೈರ್ ವಿಷಯಕ್ಕೆ ಪ್ರತಿ ವರ್ಷ ಜಗಳ. ಅಮೆರಿಕದವನು ಊದಿದರೆ ಇವರಿಗೆ ಆಗದು, ಕೆನಡಾದವನು ಊದಿದರೆ ಅವರಿಗೆ ಆಗದು. ಅವಳು ನಮ್ಮ ಮನೆಯ ಗೋಡೆಯ ಮೇಲೆ ನನ್ನ ಯೂನಿವರ್ಸಿಟಿ ತಂಡದ ಫೋಟೋ ನೋಡಿದ್ದೇ ತಡ, ಸೋಮವಾರ ಎರಡು ಹಾಳೆ ನಿಯಮ ಟೈಪ್ ಮಾಡಿ ನನ್ನ ಮೇಜಿನ ಮೇಲಿಟ್ಟಳು. ನಾನು ಓದಿದೆ. ನಮ್ಮಲ್ಲಿ ಚೆಂಡು ಕಾಲಿಗೆ ತಾಗಿದರೆ ತಪ್ಪು, ಇವರಲ್ಲಿ ಅಲ್ಲ. ನಮ್ಮಲ್ಲಿ ಮೈಗೆ ಮೈ ತಾಗಿದರೆ ತಪ್ಪು, ಇವರಲ್ಲಿ ತಾಗದಿದ್ದರೆ ಆಟವೇ ಅಲ್ಲ. ಆದರೆ ಕೋಲನ್ನು ಕಾಲಿಗೆ ಅಡ್ಡಹಾಕಿ ಬೀಳಿಸುವುದು ಎರಡು ಕಡೆಯೂ ತಪ್ಪೇ. ಒಬ್ಬನೇ ಗೋಲಿಗೆ ನುಗ್ಗುವವನನ್ನು ಬೀಳಿಸಿದರೆ ಪೆನಾಲ್ಟಿ, ಬೇರೆ ಕಡೆ ಬೀಳಿಸಿದರೆ ಎರಡು ನಿಮಿಷ ಹೊರಗೆ.

ಶನಿವಾರ ಬೆಳಿಗ್ಗೆ ನೈರೋಬಿಯ ಜುಲೈ ಚಳಿ, ಬೂದಿ ಬಣ್ಣದ ಆಕಾಶ. ಹದಿನೈದು ವರ್ಷದ ಮೇಲೆ ಕೊರಳಿಗೆ ಸೀಟಿ ಹಾಕಿಕೊಂಡಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಅಮೆರಿಕದವರು ಶುರುವಿಗೆ ಮೊದಲೇ ಗೆದ್ದವರಂತೆ ಕೂಗಾಡುತ್ತಿದ್ದರು. ಒಂದು ಗೋಲಾದರೆ ಎಲ್ಲರೂ ಓಡಿ ಬಂದು ಎದೆಗೆ ಎದೆ ಗುದ್ದಿಕೊಳ್ಳುವುದೇನು, ಎದುರಾಳಿಯನ್ನು ಛೇಡಿಸುವುದೇನು! ಕೆನಡಾದವರು ಗೋಲು ಹೊಡೆದು ತಲೆ ತಗ್ಗಿಸಿ ಹಿಂದಕ್ಕೆ ನಡೆಯುತ್ತಿದ್ದರು. ಹಾಗಂತ ಸಾಧುಗಳು ಅಂದುಕೊಳ್ಳಬೇಡಿ. ಮೊಣಕೈಯಲ್ಲಿ ಪಕ್ಕೆಗೆ ಕೊಟ್ಟು, ಅದೇ ಉಸಿರಿನಲ್ಲಿ “ಸಾರಿ” ಅನ್ನುವ ಜನ.

ನಾಲ್ಕು–ನಾಲ್ಕು ಸಮವಾಗಿತ್ತು, ಮೂರು ನಿಮಿಷ ಉಳಿದಿತ್ತು. ಡೈರೆಕ್ಟರ್ ಚೆಂಡು ಹಿಡಿದು ಒಬ್ಬರೇ ಗೋಲಿನ ಕಡೆ ನುಗ್ಗಿದರು, ಹಿಂದೆಯೇ ನನ್ನ ಗೆಳತಿ. ನಡುವೆ ಅಕೌಂಟೆಂಟ್ ಅಡ್ಡ ಬಂದದ್ದರಿಂದ ನನಗೆ ಆ ಒಂದು ಕ್ಷಣ ಕಾಣಲಿಲ್ಲ. ಕಂಡಾಗ ಡೈರೆಕ್ಟರ್ ನೆಲದ ಮೇಲಿದ್ದರು, ಇವಳು ಬಗ್ಗಿ ಕೈ ಚಾಚಿ “ಸಾರಿ, ಸಾರಿ, ಅಯಾಮ್ ಸೋ ಸಾರಿ” ಅನ್ನುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ನಮ್ಮಲ್ಲಿ ಗಾದೆ; ಇವಳೋ ಯಾರೂ ಕಳ್ಳ ಅನ್ನುವ ಮೊದಲೇ ಮುಟ್ಟಿಕೊಂಡಿದ್ದಳು. ಇನ್ನು ಸಾಕ್ಷಿ ಏಕೆ? ಸೀಟಿ ಊದಿ ಪೆನಾಲ್ಟಿ ಕೊಟ್ಟೆ. ಅವಳು ನನ್ನನ್ನು ಒಮ್ಮೆ ನೋಡಿ, ತಕರಾರು ಮಾಡದೆ ಪಕ್ಕಕ್ಕೆ ಸರಿದಳು. ಡೈರೆಕ್ಟರ್ ಎದ್ದು, ಮಧ್ಯದಿಂದ ಚೆಂಡು ತಂದು, ಗೋಲ್‌ಕೀಪರನ್ನು ದಾಟಿಸಿ ಹೊಡೆದರು. ಐದು–ನಾಲ್ಕು. ಉಳಿದ ನಿಮಿಷಗಳಲ್ಲಿ ಮತ್ತೆ ಗೋಲಾಗಲಿಲ್ಲ, ಆಟ ಮುಗಿಯಿತು.

ಮೊದಲು ತಿಂಡಿ, ಆಮೇಲೆ ಹಾಡು. ಅವರ ದಪ್ಪ ಸಿಹಿ ದೋಸೆ ತಟ್ಟೆಗೆ ಹಾಕಿಕೊಂಡು ನಿಂತಿದ್ದೆ. ಡೈರೆಕ್ಟರ್ ಬಂದು ನನ್ನ ಬೆನ್ನು ತಟ್ಟಿ, ಇಡೀ ಅಂಗಳಕ್ಕೆ ಕೇಳುವ ಹಾಗೆ ಅಂದರು: “ಸೂಪರ್ ಅಂಪೈರಿಂಗ್! ನಾನು ನನ್ನ ಶೂ ಲೇಸ್ ತುಳಿದೇ ಬಿದ್ದಿದ್ದು!”

ಬಾಯಿಯ ಹತ್ತಿರ ಒಯ್ದಿದ್ದ ದೋಸೆಯ ತುಂಡನ್ನು ತಟ್ಟೆಗೆ ಹಾಕಿದೆ. “ಮತ್ತೆ ಆಗಲೇ ಯಾಕೆ ಹೇಳಲಿಲ್ಲ?”

“ನಾನ್ಯಾಕೆ ಹೇಳಲಿ? ನೋಡೋದು ನಿಮ್ಮ ಕೆಲಸ, ಆಡೋದು ನನ್ನ ಕೆಲಸ.” ಅದರಲ್ಲಿ ಕುಯುಕ್ತಿ ಇರಲಿಲ್ಲ. ತಾನು ನಂಬಿದ್ದನ್ನೇ ಹೇಳಿದ ಮನುಷ್ಯ.

ನೇರ ಗೆಳತಿಯ ಹತ್ತಿರ ಹೋದೆ. “ನೀನು ತಾಗಿಸಿದೆಯೋ ಇಲ್ಲವೋ?”

“ಇಲ್ಲ.”

“ಹಾಗಾದರೆ ಸಾರಿ ಯಾಕಂದೆ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಅವರು ಬಿದ್ರಲ್ಲ, ಅದಕ್ಕೆ.” ಆಮೇಲೆ ಮೆಲ್ಲಗೆ ಸೇರಿಸಿದಳು: “ನಮ್ಮ ಕಡೆ ಕಾನೂನೇ ಇದೆ. ಸಾರಿ ಅಂದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡ ಹಾಗಲ್ಲ ಅಂತ. ಕೋರ್ಟಲ್ಲೂ ನಡೆಯಲ್ಲ.”

ನನಗೆ ನನ್ನ ಮೇಲೇ ಕೆಂಡದಂಥ ಕೋಪ ಬಂತು. ಒಂಬತ್ತು ವರ್ಷ ನೈರೋಬಿಯಲ್ಲಿದ್ದವಳು ನಾನು. ಮಟಾಟು ವ್ಯಾನು ಹತ್ತುವಾಗ ತಲೆಗೆ ಬಡಿದರೆ ಕಂಡಕ್ಟರ್ “ಪೋಲೆ”, ಅಂದರೆ ಅಯ್ಯೋ ಪಾಪ, ಅನ್ನುತ್ತಾನೆ, ಮಾರುಕಟ್ಟೆಯಲ್ಲಿ ಎಡವಿದರೆ ಗುರುತಿಲ್ಲದ ಹೆಂಗಸು “ಪೋಲೆ ಮಾಮಾ”, ಅಯ್ಯೋ ಪಾಪ ತಾಯಿ, ಅನ್ನುತ್ತಾಳೆ. ಎಡವಿಸಿದ್ದು ಅವರು ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೆ ನಾನೇ “ಅಯ್ಯೋ” ಅನ್ನುವುದಿಲ್ಲವೇ? ಅದೇ ಮಾತು ಇಂಗ್ಲಿಷಿನಲ್ಲಿ ಬಂದದ್ದಕ್ಕೆ ತಪ್ಪೊಪ್ಪಿಗೆ ಅಂದುಕೊಂಡು, ನಾಲ್ಕು ವರ್ಷ ಕಾದವಳ ಆಟವನ್ನು ಕೈಯಾರೆ ಕೆಡಿಸಿದ್ದೆ.

ತಟ್ಟೆ ಕೆಳಗಿಟ್ಟು ಸೀಟಿ ಕೈಗೆ ತೆಗೆದುಕೊಂಡೆ. ಆಟ ನೋಡಲು ಬಂದಿದ್ದ ಗಂಡ ಪಕ್ಕಕ್ಕೆ ಬಂದು ಕನ್ನಡದಲ್ಲಿ ಪಿಸುಗುಟ್ಟಿದರು: “ಏನೇ ಮಾಡ್ತಿದೀಯಾ? ನಿನ್ನ ಕಾಂಟ್ರಾಕ್ಟ್ ರಿನ್ಯೂವಲ್ ಆಯಪ್ಪನ ಟೇಬಲ್ ಮೇಲಿದೆ. ಸುಮ್ನೆ ದೋಸೆ ತಿನ್ನು.”

“ಅಲ್ಲೇ ಇರ್ಲಿ ಬಿಡಿ,” ಎಂದು ಊದಿದೆ.

ಎಲ್ಲರೂ ತಿರುಗಿದರು. ನನ್ನ ತೀರ್ಪು ತಪ್ಪು, ಪೆನಾಲ್ಟಿ ರದ್ದು, ಆಟ ನಾಲ್ಕು–ನಾಲ್ಕು, ಮತ್ತೆ ಆಡಿ, ಮೊದಲು ಗೋಲು ಹೊಡೆದವರು ಗೆದ್ದ ಹಾಗೆ ಎಂದೆ. ಊದಿದ ಸೀಟಿಯನ್ನು ಹಿಂದಕ್ಕೆ ತೆಗೆದುಕೊಂಡದ್ದು ಜನ್ಮದಲ್ಲಿ ಅದೇ ಮೊದಲು. ಅಮೆರಿಕದವರು ಗಲಾಟೆ ಮಾಡುತ್ತಾರೆ ಅಂದುಕೊಂಡು ಮೈ ಬಿಗಿ ಹಿಡಿದು ನಿಂತೆ. ಡೈರೆಕ್ಟರ್ ಎರಡೂ ಕೈ ಮೇಲೆತ್ತಿ “ಓವರ್‌ಟೈಮ್!” ಎಂದು ಅಬ್ಬರಿಸಿದರು, ಅವರ ತಂಡ ತಟ್ಟೆ ಬಿಟ್ಟು ಓಡಿತು. ಇನ್ನೊಂದು ಸಲ ಆಡಿ ಗೆಲ್ಲಬಹುದು ಅಂದರೆ ಅವರಿಗೆ ಹಬ್ಬವೇ. ತಕರಾರು ಬಂದದ್ದು ಕೆನಡಾದವರಿಂದ. ಬೇಡ, ಪರವಾಗಿಲ್ಲ, ನಿಮಗೆ ಯಾಕೆ ತೊಂದರೆ, ಸೋತದ್ದು ಸೋತಾಯಿತು.

“ನನ್ನ ತಪ್ಪನ್ನ ನೀನು ನುಂಗಿಕೊಂಡು ದೊಡ್ಡವಳಾಗಬೇಡ,” ಎಂದು ಗೆಳತಿಗೆ ಗದರಿದೆ. “ಕೋಲು ತಗೋ.” ಅವಳು ಕೋಲು ಎತ್ತಿಕೊಂಡಳು.

ಹೊಟ್ಟೆ ತುಂಬಿದವರ ಆಟ, ಆದರೂ ಅವಳು ಆಡಿದ್ದನ್ನು ನಾನು ಮರೆಯಲಾರೆ. ಎರಡು ಸಲ ಚೆಂಡು ಕಂಬಕ್ಕೆ ಬಡಿದು ವಾಪಸು ಬಂತು. ಏಳೋ ಎಂಟೋ ನಿಮಿಷವಾದ ಮೇಲೆ ಡೈರೆಕ್ಟರ್ ತಮ್ಮ ಗೋಲಿನ ಹತ್ತಿರ ಚೆಂಡು ಹಿಡಿದು ತಿರುಗುತ್ತಿದ್ದರು. ಅವಳು ಹಿಂದಿನಿಂದ ಬಂದು ಕೋಲನ್ನು ಅವರ ಎರಡು ಕಾಲಿನ ನಡುವೆ ತೂರಿಸಿ ಎಳೆದಳು. ಅವರು ದೊಪ್ಪೆಂದು ಬಿದ್ದರು, ಅವಳು ಚೆಂಡು ಕಸಿದು ಗೋಲಿಗೆ ಹೊಡೆದಳು. ಕೆನಡಾದವರೆಲ್ಲ ಕಿರುಚಿದರು. ಅಕೌಂಟೆಂಟ್ ಕೋಲು ಎಸೆದು ಭಾಂಗ್ಡಾ ಶುರುಮಾಡಿದರು.

ಈ ಸಲ ನನಗೂ ಅವಳಿಗೂ ನಡುವೆ ಯಾರೂ ಇರಲಿಲ್ಲ. ನಾನು ಊದಿದೆ. ಗೋಲು ಇಲ್ಲ, ಇವಳು ಎರಡು ನಿಮಿಷ ಹೊರಗೆ.

ಅವಳು ಧಡಧಡನೆ ನನ್ನ ಮುಂದೆ ಬಂದು ನಿಂತಳು. “ಕಣ್ಣು ಕಾಣಲ್ವಾ ನಿನಗೆ? ನಾನು ಬಾಲಿಗೆ ಹೊಡೆದಿದ್ದು! ಬಾಲಿಗೆ!” ನಾಲ್ಕು ವರ್ಷದಲ್ಲಿ ಅವಳ ಗಂಟಲು ಅಷ್ಟು ಏರಿದ್ದನ್ನು ಯಾರೂ ಕೇಳಿರಲಿಲ್ಲ. ನಾನು ಬೆಂಚಿನ ಕಡೆ ಬೆರಳು ತೋರಿಸಿದೆ. ಅವಳು ಹೋಗಿ ಕೂತಳು. ಅವಳಿಲ್ಲದ ತಂಡ ಒಂದೂವರೆ ನಿಮಿಷ ತಡೆಯಿತು. ಅಕೌಂಟೆಂಟ್ ಚೆಂಡಿಗೆ ಮೈಯನ್ನೇ ಅಡ್ಡ ಕೊಟ್ಟರು. ಆಮೇಲೆ ಅಮೆರಿಕದವರು ಗೋಲು ಹೊಡೆದರು. ಅವಳು ಬೆಂಚಿನ ಮೇಲೆ ಕೂತೇ ನೋಡಿದಳು.

ಒಂದೇ ಬೆಳಿಗ್ಗೆ ಎರಡು ಸಲ ಸೋತ ತಂಡ ಬಾವುಟದ ಕೆಳಗೆ ನಿಂತು ಹಾಡಿತು. ಅವಳು ಒಂದು ಪದವನ್ನೂ ಬಿಡದೆ, ಮುಖ ಕೆಂಪಗೆ ಮಾಡಿಕೊಂಡು, ಎದುರಿಗೆ ನೋಡುತ್ತ ಹಾಡಿದಳು. ನನಗೆ ಸಂಕಟವಾಯಿತು, ಕಣ್ಣು ತುಂಬಿತು. ಆದರೆ ನಾನು ಊದಿದ್ದು ಸರಿ ಎಂಬುದರಲ್ಲಿ ಸಂಶಯ ಬರಲಿಲ್ಲ. ಸೋಮವಾರ ಡೈರೆಕ್ಟರ್ ನನ್ನ ಕಾಂಟ್ರಾಕ್ಟಿಗೆ ಸಹಿ ಹಾಕಿ, ಮುಂದಿನ ವರ್ಷವೂ ನೀವೇ ಅಂಪೈರ್ ಅಂದರು.

ಗೆಳತಿ ಹತ್ತು ದಿನ ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡಲಿಲ್ಲ. ಏರ್‌ಪೋರ್ಟಿಗೆ ಬಿಡುತ್ತೇನೆಂದು ಮೊದಲೇ ಹೇಳಿದ್ದೆ. ಹೇಳಿದ ಮೇಲೆ ಹೋಗದಿರುವವಳು ನಾನಲ್ಲ. ಏರ್‌ಪೋರ್ಟ್ ಇರುವ ಎಂಬಕಸಿಯವರೆಗೆ ಲಾರಿಗಳ ಸಾಲು. ಟರ್ಮಿನಲ್ ಬಾಗಿಲಲ್ಲಿ ಟ್ರಾಲಿಗೆ ಪೆಟ್ಟಿಗೆ ಏರಿಸಿದೆವು. ಅವಳು ಹ್ಯಾಂಡಲ್ ಹಿಡಿದು ನನ್ನ ಕಡೆ ತಿರುಗಿದಳು.

“ಕಾಲಿಗೇ ಹಾಕಿದ್ದು,” ಅಂದಳು. “ಬೇಕಂತಲೇ.”

“ಗೊತ್ತು.”

“ನೀನು ನೋಡಲ್ಲ ಅಂದುಕೊಂಡೆ.”

“ನಾನೂ ಆ ಸೀಟಿ ಊದೋ ಮುಂಚೆ ಅದನ್ನೇ ಯೋಚಿಸ್ದೆ,” ಅಂದೆ. “ನೋಡದೇ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತ.”

ಅವಳು ಟ್ರಾಲಿ ಬಿಟ್ಟು ಬಂದು ನನ್ನನ್ನು ಅಪ್ಪಿಕೊಂಡಳು. ಹಿಂದೆ ಜನ ಸಾಲುಗಟ್ಟಿ ದಾರಿ ಬಿಡಿ ಅನ್ನುವವರೆಗೂ ಇಬ್ಬರೂ ಬಿಡಲಿಲ್ಲ.