ಹ್ಯಾಂಡ್‌ಲೂಮ್ ಬೋರ್ಡಿನ ಕೆಳಗೆ

ರಬಕವಿಯ ತನ್ನ ಸೀರೆ ಅಂಗಡಿಗೆ ಇಂಗ್ಲಿಷ್ ಬೋರ್ಡ್ ಬೇಕೆಂದು ಹೋದ ಯುಗಾದಿಗೆ ಅಣ್ಣ ನನ್ನನ್ನು ಕರೆಸಿದ. ನಾನು ಜಮಖಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅವನ ಲೆಕ್ಕದಲ್ಲಿ ಪುಕ್ಕಟೆ ಬೋರ್ಡ್ ಬರೆದುಕೊಡುವವಳು. ಅವನಿಗೆ ದೊಡ್ಡದಾಗಿ ಬೇಕಾಗಿದ್ದದ್ದು ‘ಹ್ಯಾಂಡ್‌ಲೂಮ್’ ಎಂಬ ಪದ. ಹಿಂದಿನ ಶೆಡ್ಡಿನಲ್ಲಿ ಕರೆಂಟಿನ ಪವರ್‌ಲೂಮ್‌ಗಳು ಕಿವಿ ಹರಿಯುವಂತೆ ಬಡಿಯುತ್ತಿದ್ದವು. ಅಂಗಡಿಯ ಸೀರೆಗಳೆಲ್ಲ ಅಲ್ಲಿಯವೇ. ಬಾಯಿ ಬಿಟ್ಟರೆ ಸುಳ್ಳು ಹೇಳುವವನು ಈಗ ಬೋರ್ಡಿನಲ್ಲೂ ಹೇಳಹೊರಟಿದ್ದ.

ಹೊರಡುವ ಮೊದಲು ಸಿಟ್ಟಿಗೇ ಆ ಪದದ ಬೇರು ಹುಡುಕಿದ್ದೆ. ಲೂಮ್ ಎಂದರೆ ಮೊದಲು ಯಾವುದೇ ಸಲಕರಣೆ. ಮಗ್ಗಕ್ಕೆ ಅಂಟಿಕೊಂಡದ್ದು ಆಮೇಲೆ. ಅದಕ್ಕೆ ‘ಹ್ಯಾಂಡ್’ ಜೋಡಿಸಿದ್ದು ಯಂತ್ರದ ಮಗ್ಗ ಬಂದ ನಂತರ. ಅಲ್ಲಿಯವರೆಗೆ ಕೈಯಿಂದಲ್ಲದೆ ಇನ್ಯಾವುದರಿಂದ ನೇಯುತ್ತಿದ್ದರು? ಬಾಡಿಗೆಗೆ ಬಂದವನು ಮನೆ ಮಾಲೀಕನಿಗೇ ಗುರುತಿನ ಚೀಟಿ ಕೇಳಿದ ಹಾಗಾಯಿತು. ಅವ್ವನ ಬಾಯಲ್ಲಿ ಅದು ಇವತ್ತಿಗೂ ಬರೀ ಮಗ್ಗ.

ನಾಚಿಕೊಳ್ಳಲಿ ಎಂದು ಇದನ್ನೆಲ್ಲ ಅಣ್ಣನ ಮುಖಕ್ಕೇ ಹೇಳಿದೆ. ಛಲೋ ಐತಿ, ಇದನ್ನೂ ಬರೆದುಕೊಡು, ಗೋಡೆಗೆ ಹಾಕೋಣ ಎಂದ.

ಅವ್ವ ಅಂಗಡಿಯ ಬಾಗಿಲಲ್ಲೇ ಕೂತಿದ್ದಳು. ಮನೆಯ ಮಗ್ಗದ ಕುಣಿಗೆ ಸಿಮೆಂಟ್ ಹಾಕಿಸಿ, ಅವಳ ಮಗ್ಗವನ್ನು ಕಟ್ಟಿಗೆಯ ಚೌಕಟ್ಟಿಗೇರಿಸಿ ಅಣ್ಣ ಅಂಗಡಿಯಲ್ಲಿ ನಿಲ್ಲಿಸಿದ್ದ. ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದವಳು ಈಗ ಸ್ಟೂಲಿನ ಮೇಲೆ. ಗಿರಾಕಿಗಳು ಫೋಟೊ ತೆಗೆಯುತ್ತಿದ್ದರು. ದೀಪಾವಳಿಗೆ ಬಂದಾಗ ನೋಡಿದ್ದ ಸೀರೆಯೇ ಇನ್ನೂ ಮಗ್ಗದ ಮೇಲಿತ್ತು, ಒಂದು ಬೆರಳೂ ಬೆಳೆದಿರಲಿಲ್ಲ. ಅವಳ ಕೈಯಿಂದ ಲಾಳಿ ತೆಗೆದು ನೋಡಿದೆ. ಒಳಗೆ ನೂಲು ಸುತ್ತಿದ ಕಂಡಿಕೆಯೇ ಇರಲಿಲ್ಲ. ಅವ್ವ ದಿನವಿಡೀ ಖಾಲಿ ಲಾಳಿ ಆಡಿಸುತ್ತಿದ್ದಳು.

ನನಗೆ ಮೈಯೆಲ್ಲ ಉರಿಯಿತು. ಮೂಲೆಯಲ್ಲಿದ್ದ ರಾಟೆ ಎಳೆದುಕೊಂಡು, ಚಿಕ್ಕಂದಿನಲ್ಲಿ ಅವಳಿಗೆ ಸುತ್ತಿಕೊಡುತ್ತಿದ್ದಂತೆ ಒಂದು ಕಂಡಿಕೆ ಸುತ್ತಿ ಲಾಳಿಗೆ ಹಾಕಿದೆ. ಅಣ್ಣ ಗಲ್ಲಾಪೆಟ್ಟಿಗೆ ಬಿಟ್ಟು ಬಂದ.

“ನೂಲು ಯಾಕ ಹಾಕಿದಿ? ಈ ಸೀರಿ ಮುಗದ್ರ ಮಗ್ಗಕ್ಕ ಮತ್ತ ಹೊಸಾ ಹಾಸುನೂಲು ಹೂಡೂದು ಯಾರು? ಗಿರಾಕಿಗೆ ಆಡಿಸಿ ತೋರಿಸಿದ್ರ ಸಾಕು.”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಲಾಳಿಯನ್ನು ಎಳೆಗಳ ನಡುವೆ ಒಗೆದಳು, ಮಗ್ಗದ ಹಣಿಗೆಯನ್ನು ಎಳೆದು ಬಡಿದಳು. ಎಷ್ಟೋ ತಿಂಗಳ ಮೇಲೆ ಒಂದು ಎಳೆ ಬಟ್ಟೆಯಾಯಿತು. ಅವನ ಕಡೆ ನೋಡದೆ ನನಗೆ ಹೇಳಿದಳು:

“ಇನ್ನೊಂದಿಷ್ಟು ಕಂಡಿಕಿ ಸುತ್ತವ್ವಾ. ಸೀರಿ ಮುಗಸ್ತೀನಿ. ಆಮ್ಯಾಲ ನನ್ನ ಜಮಖಂಡಿಗಿ ಕರಕೊಂಡು ಹೋಗು. ಇಲ್ಲಿ ಮತ್ತ ಕುಂಡ್ರೂದಿಲ್ಲ.”

ಹಾಗಾದರೆ ಬೋರ್ಡ್ ಯಾರು ಬರೆದುಕೊಡುತ್ತಾರೆ ಎಂದು ಅಣ್ಣ ಕೇಳಿದ. ಬೇರೆ ಯಾರನ್ನಾದರೂ ನೋಡಿಕೋ ಎಂದು ನಾನು ರಾಟೆಯ ಮುಂದೆ ಕೂತೆ.