ಸೇತುವೆಯ ಮೇಲೆ ಅಂಗೈಯಷ್ಟು ನೀರು

ಪಾಲಾರ್ ನಮ್ಮ ಕಡೆಯ ನದಿ ಎಂದು ಶಾಲೆಯಲ್ಲಿ ಓದಿದ್ದೆ. ಮದುವೆಯಾಗಿ ತಾಯಲೂರು ಹೋಬಳಿಯ ಈ ಹಳ್ಳಿಗೆ ಬಂದ ಮೇಲೆ ಎಷ್ಟೋ ಸಲ ಅದನ್ನು ದಾಟಿದ್ದೇನೆ. ಪ್ರತಿ ಸಲವೂ ಕೆಳಗೆ ಮರಳು, ಜಾಲಿಗಿಡ, ಮೇಯುವ ದನ. ಅಷ್ಟುದ್ದದ ಸೇತುವೆಯ ಕೆಳಗೆ ಒಂದು ಚೊಂಬು ನೀರಿಲ್ಲ. ನನ್ನ ಗಂಡ ಟಮೋಟ ತುಂಬಿದ ಟೆಂಪೊ ಓಡಿಸುತ್ತಿದ್ದರು. ವರ್ಷಗಟ್ಟಲೆ ಆ ಸೇತುವೆಯ ಮೇಲೆ ಹೋಗಿಬಂದವರು. "ಇದನ್ನ ಯಾಕ್ ಕಟ್ಟಿದ್ರೋ, ಕೆಳಗಿಳ್ಸಿ ಓಡ್ಸಿದ್ರೂ ಟೈರ್ ಒದ್ದೆ ಆಗಲ್ಲ" ಎಂದು ನಗುತ್ತಿದ್ದರು.

ಆಮೇಲೆ ಅವರ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಮುಳಬಾಗಿಲಿನಲ್ಲಿ ಡಯಾಲಿಸಿಸ್. ಉಳಿದ ದಿನ ಮನೆಯಲ್ಲಿ ನಾನೇ ಡಾಕ್ಟರು, ನಾನೇ ಪೊಲೀಸು. ಕುಡಿದ ನೀರು ಹೊರಗೆ ಹೋಗುವುದಿಲ್ಲ, ಎದೆಗೇ ತುಂಬಿಕೊಳ್ಳುತ್ತದೆ, ಅಳತೆ ಮೀರಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಬೆಳಿಗ್ಗೆ ಒಂದು ಸಣ್ಣ ಸ್ಟೀಲ್ ಚೊಂಬು ತುಂಬಿಡುತ್ತಿದ್ದೆ. ಕಾಫಿ, ಸಾರು, ಮಾತ್ರೆ ನುಂಗುವ ನೀರು, ಎಲ್ಲ ಸೇರಿ ಅಷ್ಟೇ. ಕೇಳಿದಾಗ ಅರ್ಧ ಲೋಟ, ಅದಕ್ಕಿಂತ ಒಂದು ಗುಟುಕೂ ಹೆಚ್ಚಿಲ್ಲ. ಕುಡಿಯುವ ನೀರಿನ ಬಿಂದಿಗೆಯನ್ನು ದೇವರ ಕೋಣೆಯಲ್ಲಿಟ್ಟು ಬೀಗ ಹಾಕಿದೆ. ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದು ನಮ್ಮಲ್ಲಿ ರೂಢಿ. ನಾನು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೊಡುತ್ತಿದ್ದೆ, ಇವರ ಕಣ್ಣಿಗೆ ಬೀಳದಿರಲಿ ಎಂದು. ಇವರು ಸ್ನಾನಕ್ಕೆ ಹೋದಾಗ ನೀರು ಸುರಿಯುವ ಸದ್ದು ಒಂದು ಗಳಿಗೆ ನಿಂತರೂ ಸಾಕು, ಹೋಗಿ ಕದ ಬಡಿಯುತ್ತಿದ್ದೆ. ಒಂದು ದಿನ ಒದ್ದೆ ಟವೆಲ್ಲನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದರು. ಕಿತ್ತುಕೊಂಡೆ. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲಿ. ಅದು ಆಗ ಒಳ್ಳೆಯ ಕೆಲಸಕ್ಕೇ ಬರುತ್ತಿದೆ ಎಂದುಕೊಂಡಿದ್ದೆ.

ಆ ವರ್ಷ ಹಿಡಿದ ಮಳೆ ಬಿಡಲಿಲ್ಲ. ಕೆರೆಗಳೆಲ್ಲ ಕೋಡಿ ಬಿದ್ದವು. ಪಾಲಾರ್ ಹರಿಯುತ್ತಿದೆ ಎಂಬ ಸುದ್ದಿ ಬಂತು. ಊರಿಗೆ ಊರೇ ಸೇತುವೆಯ ಕಡೆ ಹೊರಟಿತು.

"ಲೇ, ನೋಡ್ಕೊಂಡ್ ಬರಾಣ ಕಣೇ" ಎಂದರು ಇವರು.

"ನಡೆಯೋಕೆ ಕಾಲಲ್ಲಿ ಶಕ್ತಿ ಎಲ್ಲೈತೆ ನಿಮ್ಗೆ?"

"ಕುಡಿಯಲ್ಲ. ನೋಡ್ತೀನಿ ಅಷ್ಟೆ."

ಅವರ ಮೊಪೆಡ್ ಓಡಿಸಲು ನನಗೆ ಬರುವುದಿಲ್ಲ. ಮಗಳಿಗೆ ಶಾಲೆಯಲ್ಲಿ ಕೊಟ್ಟಿದ್ದ ಸೈಕಲ್ಲಿನ ಕ್ಯಾರಿಯರ್ ಮೇಲೆ ದಿಂಬು ಕಟ್ಟಿ ಕೂರಿಸಿದೆ. ಇಳಿಜಾರಿನಲ್ಲಿ ತುಳಿದೆ, ಏರಿನಲ್ಲಿ ಇಳಿದು ತಳ್ಳಿದೆ. ಟೆಂಪೊ ತುಂಬ ಟಮೋಟ ಬಾಕ್ಸುಗಳನ್ನು ತಾವೇ ಎತ್ತಿ ಜೋಡಿಸುತ್ತಿದ್ದ ಮನುಷ್ಯ ನನ್ನ ಹಿಂದೆ ಹಗುರಾಗಿ ಕೂತಿದ್ದರು. ದಾರಿಯುದ್ದಕ್ಕೂ ನಾನು ಬೈಯುತ್ತಲೇ ಇದ್ದೆ. ಅವರು ಮಾತ್ರ ಪಕ್ಕದಲ್ಲಿ ಹೋಗುವ ಗಾಡಿಯವರನ್ನೆಲ್ಲ "ಎಷ್ಟ್ ಬಂದೈತಪ್ಪ? ಕಂಬ ಮುಳುಗೈತಾ?" ಎಂದು ವಿಚಾರಿಸುತ್ತಿದ್ದರು.

ಸೇತುವೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕೆಂಪು ನೀರು, ಈ ದಡದಿಂದ ಆ ದಡದವರೆಗೂ. ಕಿತ್ತುಬಂದ ಜಾಲಿಗಿಡ ಸೇತುವೆಯ ಕಂಬಗಳಿಗೆ ಸಿಕ್ಕಿಕೊಂಡು ಹೊರಳುತ್ತಿತ್ತು. ಆಂಧ್ರದ ಕಡೆಯ ಮುದುಕಿಯೊಬ್ಬಳು "ನೀಳ್ಳೊಚ್ಚೆ, ತಲ್ಲೀ, ನೀಳ್ಳೊಚ್ಚೆ" ಎಂದು ನೀರು ಬಂದದ್ದನ್ನು ನೀರಿಗೇ ಹೇಳಿ ಅಳುತ್ತಿದ್ದಳು. ಇವರು ತಡೆಗೋಡೆಗೆ ಎದೆಯೊತ್ತಿ ನಿಂತರು. ಗಂಟಲು ಒಂದೇ ಸಮನೆ ನುಂಗುತ್ತಿತ್ತು. ನಾನು ನದಿಯನ್ನು ನೋಡಲೇ ಇಲ್ಲ, ಆ ಗಂಟಲನ್ನೇ ನೋಡುತ್ತಿದ್ದೆ.

ಹೆಂಗಸರು ತಂಬಿಟ್ಟಿನ ದೀಪ ಹಚ್ಚಿ ಗಂಗಮ್ಮನಿಗೆ ಪೂಜೆ ಮಾಡಿದ್ದರು. ಅವರಲ್ಲೊಬ್ಬರು ಹೊಳೆಯ ನೀರನ್ನು ತಾಮ್ರದ ಚೊಂಬಿನಲ್ಲಿ ತಂದು ಎಲ್ಲರಿಗೂ ತೀರ್ಥ ಕೊಡುತ್ತ ಬಂದರು. ಇವರು ಎಡಗೈ ಮೇಲೆ ಬಲಗೈ ಇಟ್ಟು ಮುಂದೆ ಚಾಚಿದರು. ಅಂಗೈ ತುಂಬಿತು. ತುಟಿಯ ಹತ್ತಿರ ಹೋಗುವಷ್ಟರಲ್ಲಿ ನಾನು ಅವರ ಎಡಗೈ ಹಿಡಿದು ಎಳೆದೆ. ಡಯಾಲಿಸಿಸ್ ಸೂಜಿ ಚುಚ್ಚುವ ಕೈ ಅದು, ಯಾರೂ ಒತ್ತಿ ಹಿಡಿಯಬಾರದು ಎಂದು ಎಲ್ಲರಿಗೂ ಎಚ್ಚರಿಕೆ ಹೇಳುತ್ತಿದ್ದವಳು ನಾನೇ. ನನ್ನ ಬೆರಳಿನ ಕೆಳಗೆ ಅವರ ರಕ್ತ ಜುಮ್ಮೆಂದು ಹರಿಯುವುದು ಗೊತ್ತಾಯಿತು. ನೀರು ರಸ್ತೆಗೆ ಚೆಲ್ಲಿತು.

"ಗಂಗಮ್ಮನ್ ತೀರ್ಥ ಕಣಮ್ಮ, ಒಂದ್ ಹನಿ ಏನ್ ಮಾಡ್ತೈತೆ?" ಎಂದರು ಆಕೆ.

"ಬೇಡ ಅಂದ್ರೆ ಬೇಡ. ಆಮೇಲೆ ಉಸ್ರು ಕಟ್ಟಿದ್ರೆ ನಿಮ್ ಗಂಗಮ್ಮ ಬರ್ತಾಳಾ?"

ಜನ ತಿರುಗಿ ನೋಡಿದರು. ಇವರು ಒದ್ದೆ ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳಲಿಲ್ಲ. ಮುಚ್ಚಿ ಹಿಡಿದುಕೊಂಡರು.

"ಹೋಗಾಣ" ಎಂದರು.

ವಾಪಸ್ ಬರುವಾಗ ಹಿಂದೆ ಕೂತವರು ಆ ಅಂಗೈಯನ್ನು ನೆಕ್ಕಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನೆಕ್ಕಿದ್ದರೆ ಸಾಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ತಿರುಗಿ ನೋಡಿದ್ದರೆ ಅದನ್ನೂ ಬಿಡುತ್ತಿರಲಿಲ್ಲ.

ಅದಾಗಿ ಎರಡು ತಿಂಗಳು ತುಂಬಲಿಲ್ಲ. ಅಳತೆ ತಪ್ಪದೆ ನೀರು ಕೊಟ್ಟರೂ ಎದೆ ತುಂಬಿಕೊಂಡಿತು. ನಾನು ಹಿಡಿದ ಬಿಗಿಯಿಂದ ಅವರಿಗೆ ಒಂದು ವಾರ ಹೆಚ್ಚು ಸಿಕ್ಕಿತೇ, ಒಂದು ದಿನವಾದರೂ? ಕೇಳಿದರೆ ಯಾರೂ ಹೇಳುವುದಿಲ್ಲ. ನಾನು ಅವರನ್ನು ಬದುಕಿಸಲಿಲ್ಲ, ಬಾಯಾರಿಸಿದೆ, ಅಷ್ಟೆ. ಮೊನ್ನೆ ಸೇತುವೆಯವರೆಗೆ ಒಬ್ಬಳೇ ನಡೆದುಕೊಂಡು ಹೋಗಿದ್ದೆ. ಕೆಳಗೆ ಮತ್ತೆ ಮರಳು. ಆಕೆ ತೀರ್ಥ ಕೊಟ್ಟ ಜಾಗದಲ್ಲಿ ನಿಂತು ನೋಡಿದೆ, ಮನಸ್ಸಿಗೆ ಏನೂ ಸಮಾಧಾನ ಸಿಗಲಿಲ್ಲ.

ಅವರು ಹೋದದ್ದು ಮನೆಯಲ್ಲೇ, ಬೆಳಿಗ್ಗೆ, ಚೊಂಬು ತುಂಬಿಟ್ಟ ಮೇಲೆ. ಕೊನೆಯುಸಿರು ಎಳೆಯುತ್ತಿದ್ದಾಗ ಅವರ ಅಕ್ಕ ಆ ಚೊಂಬಿಗೇ ತುಳಸಿ ಎಲೆ ಹಾಕಿ, ಲೋಟದ ತುಂಬ ಬಗ್ಗಿಸಿ ನನ್ನ ಕೈಗೆ ಕೊಟ್ಟರು. "ಬಾಯಿಗ್ ನೀರ್ ಬಿಡಮ್ಮ, ತೃಪ್ತಿಯಾಗ್ ಹೋಗ್ಲಿ" ಎಂದರು. ಬಿಟ್ಟೆ. ಗಂಟಲು ಒಂದು ಸಲ ನುಂಗಿತು.

"ಪೂರ್ತಿ ಬಿಡಮ್ಮ, ಇನ್ನೇನೈತೆ" ಎಂದು ಅಕ್ಕ ಮತ್ತೆ ಹೇಳಿದರು. ಆಗ ನೋಡಿಕೊಂಡೆ. ನನ್ನ ಕೈ ಅರ್ಧ ಲೋಟಕ್ಕೇ ನಿಂತುಬಿಟ್ಟಿತ್ತು.